ಕೆಂಪು ಪೆನ್ನಿಗೆ ಬಿದ್ದ ಕ್ರೀಡಾಂಗಣ

ನಮ್ಮ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಲೆ ಎತ್ತಿದರೆ ಮೊದಲು ಕಾಣುವುದು ಒಂದು ಬೋರ್ಡು. 'ಬಹೂಪಯೋಗಿ ವಾಣಿಜ್ಯ ಸಂಕೀರ್ಣ' ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದಿದೆ. ಈ ಪೇಟೆಯಲ್ಲಿ 'ಹಾರ್ಧಿಕ ಶುಭಾಷಯ' ಎಂದು ಬ್ಯಾನರ್ ಕಟ್ಟುತ್ತಾರೆ. 'ಉಟ ತಯಾರಿದೆ' ಎಂದು ಬರೆದ ಹೋಟೆಲಿನಲ್ಲಿ ಜನ ಹೊಟ್ಟೆ ತುಂಬ ಉಂಡು ಬರುತ್ತಾರೆ. ಆದರೆ ಈ ಒಂದು ಬೋರ್ಡಿನಲ್ಲಿ ಮಾತ್ರ ತಪ್ಪಿಲ್ಲ. 'ಬಹು'ವಿನ ಮುಂದೆ 'ಉಪಯೋಗಿ' ಬಂದರೆ ಸವರ್ಣದೀರ್ಘ ಸಂಧಿಯಾಗಿ 'ಹೂ' ಆಗಬೇಕು, ಆಗಿದೆ. ಆ ದೀರ್ಘ ಹಾಕಿದವಳು ನಾನು. ಅದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಆ ಬೋರ್ಡು ನಿಂತ ಜಾಗದಲ್ಲಿ ಮೊದಲು ನಮ್ಮ ಒಳಾಂಗಣ ಕ್ರೀಡಾಂಗಣ ಇತ್ತು. ಪೇಟೆಯ ಹೆಸರು ನಾನು ಹೇಳುವುದಿಲ್ಲ. ಕಾರ್ಕಳಕ್ಕೂ ಉಡುಪಿಗೂ ಬಸ್ಸು ಸಿಗುವ ಊರು ಎಂದರೆ ಸಾಕು. ಹೆಸರು ಹೇಳಿದರೆ ಜನ ಅದು ಆ ಊರಿನ ಗಲಾಟೆ, ನಮಗೇಕೆ ಎಂದು ಪುಟ ಮಗುಚುತ್ತಾರೆ. ಇಂಥ ಬೋರ್ಡು ನಿಮ್ಮ ಊರಿನಲ್ಲಿಯೂ ಇರಬಹುದು, ಒಮ್ಮೆ ತಲೆ ಎತ್ತಿ ನೋಡಿ.

ಕ್ರೀಡಾಂಗಣ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಕೆಂಪು ಮುರಕಲ್ಲಿನ ನಾಲ್ಕು ಗೋಡೆ, ಮೇಲೆ ಶೀಟು, ಒಳಗೆ ಎರಡು ಶಟ್ಲ್ ಕೋರ್ಟು, ಒಂದು ಬದಿಯಲ್ಲಿ ಐದು ಮೆಟ್ಟಿಲಿನ ಗ್ಯಾಲರಿ. ಅಷ್ಟೇ. ಆದರೆ ಆ ಗೋಡೆಯ ಮುರಕಲ್ಲನ್ನು ಊರವರೇ ಹೊತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಭಾನುವಾರಗಳಲ್ಲಿ ಶ್ರಮದಾನ ನಡೆಯುತ್ತಿತ್ತು. ನನ್ನ ಅಮ್ಮ ತಲೆಗೆ ಸಿಂಬೆ ಇಟ್ಟು ಒಂದೊಂದೇ ಕಲ್ಲು ಹೊತ್ತು ಹಾಕಿದ್ದಳು. ಆಟ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಊರಿನ ಕೆಲಸ ಎಂದರೆ ಹೊರಬೇಕು ಎಂಬುದು ಮಾತ್ರ ಗೊತ್ತಿತ್ತು.

ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಿದ್ದರೆ ಒಳಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅಂಪಾಯರ್ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಹಾಗಾಗಿ ಅಂಕವನ್ನು ಬೆರಳಿನಲ್ಲಿ ತೋರಿಸುವ ಅಭ್ಯಾಸ ಬೆಳೆಯಿತು. ಬಲಗೈ ನಮ್ಮದು, ಎಡಗೈ ಎದುರಿನವರದ್ದು, ಐದು ದಾಟಿದರೆ ಮತ್ತೆ ಒಂದರಿಂದ. ಬೇಸಗೆಯಲ್ಲಿಯೂ ಅದು ಬಿಟ್ಟುಹೋಗಲಿಲ್ಲ. ನಮ್ಮ ಪೇಟೆಯವರು ಮಣಿಪಾಲದಲ್ಲಿ ಟೂರ್ನಮೆಂಟಿಗೆ ಹೋದಾಗ ಸರ್ವ್ ಮಾಡುವ ಮೊದಲು ಬೆರಳು ಎತ್ತಿದರೆ ಅಲ್ಲಿಯವರು ನಗುತ್ತಿದ್ದರು. ನಗಲಿ, ಬೆರಳು ಕಂಡರೆ ನಮ್ಮ ಊರಿನವರು ಎಂದು ಗುರುತಾಗುತ್ತಿತ್ತು.

ಈ ಕಟ್ಟಡದಲ್ಲಿ ನನಗೆ ಬೇಕಾಗಿದ್ದದ್ದು ಗೋಡೆಯೂ ಅಲ್ಲ, ಶೀಟೂ ಅಲ್ಲ, ಒಂದು ಗಂಟೆ. ಸಂಜೆ ಐದರಿಂದ ಆರು. ಅದನ್ನು ಎಲ್ಲರೂ 'ಹೆಂಗಸರ ಗಂಟೆ' ಎಂದೇ ಕರೆಯುತ್ತಿದ್ದರು.

ಅದು ಸುಮ್ಮನೆ ಸಿಕ್ಕಿದ್ದಲ್ಲ. ನಾನು ಕನ್ನಡ ಟೀಚರ್ ಆಗಿ ಕೆಲಸಕ್ಕೆ ಸೇರಿದ ಹೊಸತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕೊಂಕಣಿ ಮಾತಿನ ಕ್ರೈಸ್ತ ಹೆಂಗಸೊಬ್ಬರು ನನಗೆ ಜೊತೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಮರ್ಯಾದೆಯಿಂದ 'ಬಾಯಿ' ಎನ್ನುತ್ತಾರೆ. ನಲ್ವತ್ತು ವರ್ಷಗಳಿಂದ ನನಗೆ ಅವರು ಬಾಯಿ, ಅವರಿಗೆ ನಾನು ಟೀಚರ್. ನಮಗೂ ಆಡಬೇಕು ಎಂದು ಇಬ್ಬರೂ ಕ್ರೀಡಾಂಗಣದ ಸಮಿತಿಯ ಹತ್ತಿರ ಹೋದೆವು. ಸಮಿತಿಯ ಹಿರಿಯರು ಬಹಳ ಉದಾರವಾಗಿ ಬೆಳಿಗ್ಗೆ ಆರು ಗಂಟೆ ಕೊಟ್ಟರು.

"ಬೆಳಿಗ್ಗೆ ಆರಕ್ಕೆ ನಿಮ್ಮ ಮನೆಯಲ್ಲಿ ಚಾ ಮಾಡುವುದು ಯಾರು?" ಎಂದು ಬಾಯಿ ಕೇಳಿದರು.

"ಹೆಂಡತಿ."

"ಹಾಗಾದರೆ ನಾಳೆಯಿಂದ ನೀವು ಮಾಡಿ. ಅವರನ್ನು ಆಡಲಿಕ್ಕೆ ಕಳಿಸಿ."

ನಾಲ್ಕು ತಿಂಗಳು ತಿರುಗಿಸಿದ ಮೇಲೆ ಸಂಜೆಯ ಗಂಟೆ ಸಿಕ್ಕಿತು. ಸಿಕ್ಕ ಮೊದಲ ದಿನವೇ ಬಾಯಿ ಒಬ್ಬ ಬಡಗಿಯನ್ನು ಕರೆದುಕೊಂಡು ಬಂದು ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿದರು. ಕಬ್ಬಿಣದ ಚಿಲಕ, ಮೊಳಕೈ ಉದ್ದದ್ದು. ಐದು ಗಂಟೆಗೆ ಅದು ಬಿತ್ತು ಎಂದರೆ ಆರರವರೆಗೆ ಪೇಟೆ ಹೊರಗೆ, ನಾವು ಒಳಗೆ.

ಆ ಚಿಲಕದ ಬೆಲೆ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಗಾಳಿಯ ಕಾಟಕ್ಕೆ ಅಂಗಳದಲ್ಲಿ ಶಟ್ಲ್ ಆಡಲು ಆಗುವುದಿಲ್ಲ, ಗರಿಯ ಕಾಕು ನೆಟ್ಟಿನ ಕಡೆಗೆ ಹೋಗುವ ಬದಲು ತೆಂಗಿನ ಮರದ ಕಡೆಗೆ ಹೋಗುತ್ತದೆ. ಗಾಳಿಗಿಂತ ದೊಡ್ಡ ಕಾಟ ಕಣ್ಣಿನದ್ದು. ಚಿಲಕ ಬಿದ್ದ ಮೇಲೆ ಬ್ಯಾರಿ ಹುಡುಗಿಯರು ಬುರ್ಖಾ ತೆಗೆದು ಗ್ಯಾಲರಿಯ ಮೆಟ್ಟಿಲಿನ ಮೇಲೆ ಮಡಚಿ ಇಡುತ್ತಿದ್ದರು. ಮೀನು ಮಾರಿ ಬಂದವರು ಬುಟ್ಟಿಯನ್ನು ಬಾಗಿಲ ಬಳಿ ಇಟ್ಟು, ಸೀರೆ ಎತ್ತಿ ಕಟ್ಟಿ, ರ‍್ಯಾಕೆಟ್ ಹಿಡಿಯುತ್ತಿದ್ದರು. ಐವತ್ತು ದಾಟಿದವರು ನೈಟಿಯಲ್ಲಿ ಆಡಿದ್ದೂ ಉಂಟು. ಕುಕ್ಕುಂದೂರಿನಿಂದ ಒಬ್ಬಳು, ಪಡುಬಿದ್ರಿಯಿಂದ ಇಬ್ಬರು ಬಸ್ಸಿನಲ್ಲಿ ಬರುತ್ತಿದ್ದರು. ಗಂಡನ ಬಗ್ಗೆ, ಅತ್ತೆಯ ಬಗ್ಗೆ ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಸ್ಮ್ಯಾಶಿನಲ್ಲಿ ಹೇಳುತ್ತಿದ್ದರು. ನಾನು ಮೂವತ್ತೈದು ವರ್ಷ ಪಾಠ ಮಾಡಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಕೇಳಿದರೆ ಆ ಗಂಟೆ ಎನ್ನುತ್ತೇನೆ, ಪಾಠ ಅಲ್ಲ.

ಇನ್ನು ಅದನ್ನು ಕಳೆದ ಕತೆ ಹೇಳಬೇಕು.

ಶೀಟು ಹಳತಾಗಿ ಅಲ್ಲಲ್ಲಿ ಸೋರಲು ಶುರುವಾಗಿತ್ತು. ಕೋರ್ಟಿನ ಮೇಲೆ ಬಕೆಟ್ ಇಟ್ಟು ಆಡುತ್ತಿದ್ದೆವು. ಆಗ ಸಮಿತಿಗೆ ಹೊಸ ಕಾರ್ಯದರ್ಶಿ ಬಂದ. ನನ್ನ ಹಳೆಯ ವಿದ್ಯಾರ್ಥಿ. ಒಂದು ಸಂಜೆ ಮನೆಗೆ ಬಂದು, ಕಾಲು ಮುಟ್ಟಿ ನಮಸ್ಕರಿಸಿ, ಒಂದು ಹಾಳೆ ಮುಂದಿಟ್ಟ. ರಿಪೇರಿಯ ವಿಷಯ ಇರಬೇಕೆಂದು ನಾನೇ ಅಂದುಕೊಂಡೆ.

"ಟೀಚರ್, ಕ್ರೀಡಾಂಗಣದ ಕೆಲಸಕ್ಕೆ ಊರವರ ಸಹಿ ಬೇಕು. ನನ್ನ ಕನ್ನಡ ನಿಮಗೆ ಗೊತ್ತುಂಟಲ್ಲ. ಒಮ್ಮೆ ತಿದ್ದಿ ಕೊಡ್ತೀರಾ?"

ನನಗೆ ಅಷ್ಟು ಸಾಕಾಯಿತು. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ಆ ಎರಡು ವರ್ಷದಲ್ಲಿ ಯಾರೂ ನನ್ನಿಂದ ಒಂದು ಅಕ್ಷರ ತಿದ್ದಿಸಿಕೊಂಡಿರಲಿಲ್ಲ. ಚೀಲದಿಂದ ಕೆಂಪು ಪೆನ್ನು ತೆಗೆದೆ. ಅವನು ಬರೆದದ್ದು ಹೀಗಿತ್ತು: 'ಹಳೆ ಕ್ರೀಡಾಂಗಣವನ್ನು ತೆರವುಗೊಳಿಸಿ ಅದೇ ಜಾಗದಲ್ಲಿ ಬಹುಪಯೋಗಿ ಸಂಕೀರ್ಣ ನಿರ್ಮಿಸಲು ಊರವರ ಒಪ್ಪಿಗೆ ಇದೆ.'

ಈಗ ನೋಡಿದರೆ ಹುಡುಗ ಸುಳ್ಳು ಬರೆದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ. ಆದರೆ ನಾನು ಕನ್ನಡ ಟೀಚರ್.

"ತೆರವು ಎಂತದು ಮಾರಾಯ? ಅದು ರಸ್ತೆ ಬದಿಯ ಗೂಡಂಗಡಿ ಎಬ್ಬಿಸುವಾಗ ಹೇಳುವ ಶಬ್ದ. ನಮ್ಮ ಅಮ್ಮ ಕಲ್ಲು ಹೊತ್ತ ಕಟ್ಟಡಕ್ಕೆ ಹಾಗೆ ಬರೆಯುವುದಾ?" ಎಂದು ಗದರಿಸಿ 'ತೆರವುಗೊಳಿಸಿ' ಎನ್ನುವುದನ್ನು ಹೊಡೆದು ಹಾಕಿದೆ. ಮೇಲೆ 'ಜೀರ್ಣೋದ್ಧಾರಗೊಳಿಸಿ' ಎಂದು ದುಂಡಗೆ ಬರೆದೆ. ಆಮೇಲೆ 'ಬಹುಪಯೋಗಿ' ಕಣ್ಣಿಗೆ ಬಿತ್ತು. "ಸಂಧಿ ಮರೆತಿದ್ದೀಯಾ? ಒಂಬತ್ತನೆಯಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೇನೆ" ಎಂದು ದೀರ್ಘ ಹಾಕಿದೆ. ಬಹೂಪಯೋಗಿ ಎಂದರೆ ಯಾರಿಗೆ ಉಪಯೋಗ, ಯಾವ ಉಪಯೋಗ ಎಂದು ಕೇಳಲಿಲ್ಲ. ಶಟ್ಲಿನ ಜೊತೆಗೆ ಕೇರಂ, ಟೇಬಲ್ ಟೆನ್ನಿಸ್ ಎಲ್ಲ ಬರಬಹುದು ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವರ ಗಾದೆ ಹೇಳಿ ಕ್ಲಾಸಿನಲ್ಲಿ ಎಷ್ಟೋ ಸಲ ನಗಿಸಿದವಳು ನಾನು. ಅದೇ ನಾನು ಕರುವಿನ ಕಾಗುಣಿತ ಸರಿ ಉಂಟಾ ಎಂದು ನೋಡಿ ಕಟ್ಟಿದೆ.

ಅವನು ಹಾಳೆಯನ್ನು ಎರಡು ಸಲ ಓದಿದ. ಒಂದು ಕ್ಷಣ ಏನೋ ಹೇಳಲು ಹೊರಟ ಹಾಗಿತ್ತು. ಆಮೇಲೆ, "ಜೀರ್ಣೋದ್ಧಾರ. ಲಾಯ್ಕ ಉಂಟು ಟೀಚರ್" ಎಂದ. ಆ ಒಂದು ಕ್ಷಣಕ್ಕಾಗಿ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಅವನಿಗೆ ಗೊತ್ತಾಗಿತ್ತು.

ಜೀರ್ಣೋದ್ಧಾರ ಎಂಬ ಶಬ್ದಕ್ಕೆ ನಮ್ಮ ಕಡೆ ಎಂಥ ತೂಕ ಎಂದು ಹೇಳಬೇಕು. ದೇವಸ್ಥಾನವೋ ದೈವಸ್ಥಾನವೋ ಹಳತಾದರೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದಕ್ಕೆ ಹಾಗೆ ಹೇಳುತ್ತಾರೆ. ಆ ಶಬ್ದ ಕೇಳಿದರೆ ಜನ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಕೊಲ್ಲಿ ದೇಶದಲ್ಲಿ ದುಡಿಯುವವನು ದೇಣಿಗೆಗೆ ಫೋನಿನಲ್ಲೇ ಆಯಿತು ಎನ್ನುತ್ತಾನೆ. ನಾನೇ ಆ ಹಾಳೆ ಹಿಡಿದು ಮನೆಮನೆಗೆ ಹೋದೆ. "ಯಾವುದರ ಜೀರ್ಣೋದ್ಧಾರ ಟೀಚರ್?" ಎಂದು ಕೇಳುವ ಹೊತ್ತಿಗೆ ಸಹಿ ಆಗಿರುತ್ತಿತ್ತು. ಒಬ್ಬ ಅಜ್ಜಿ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ಹೆಬ್ಬೆಟ್ಟು ಹಾಕಿದಳು. ಅವಳೂ ಆ ಕಾಲದಲ್ಲಿ ಕಲ್ಲು ಹೊತ್ತವಳೇ.

ಸಹಿ ಹಾಕದೆ ನಿಂತವರು ಒಬ್ಬರೇ. ಬಾಯಿ.

"ಟೀಚರ್, ನಿಮ್ಮಲ್ಲಿ ದೇವಸ್ಥಾನ ಬಿಚ್ಚುವಾಗ ದೇವರನ್ನು ಎಲ್ಲಿ ಇಡ್ತಾರೆ?"

"ಬಾಲಾಲಯದಲ್ಲಿ. ಪಕ್ಕದಲ್ಲೇ ಒಂದು ಸಣ್ಣ ಗುಡಿ ಕಟ್ಟಿ, ಹೊಸದು ಆಗುವವರೆಗೆ ಅಲ್ಲಿ ಪೂಜೆ."

"ಬಾಲಾಲಯ ಕಟ್ಟದೆ ಬಿಚ್ಚುವ ಕ್ರಮ ಉಂಟಾ?"

"ಇಲ್ಲ. ಅದು ಹೇಗೆ ಆಗ್ತದೆ?"

"ಹಾಗಾದರೆ ನಮ್ಮ ಬಾಲಾಲಯ ಎಲ್ಲಿ? ಇದರಲ್ಲಿ ಬರೆದಿಲ್ಲ ಅಲ್ವಾ?"

ನಾನು ನಕ್ಕೆ. ಶೀಟು ಬದಲಾಯಿಸುವುದಕ್ಕೆ ಬಾಲಾಲಯ ಯಾಕೆ, ನಿಮಗೆ ಎಲ್ಲದರಲ್ಲಿಯೂ ಸಂಶಯ ಎಂದೆ. ಬಾಯಿ ನನ್ನ ಮುಖ ನೋಡಿದರು. "ನೀವು ಬರೆದದ್ದು ಅಂತ ಹಾಕ್ತೇನೆ" ಎಂದು ಸಹಿ ಹಾಕಿದರು. ನಲ್ವತ್ತು ವರ್ಷದ ಸ್ನೇಹದಲ್ಲಿ ಅವರು ನನ್ನನ್ನು ನಂಬಿ ಮಾಡಿದ ಒಂದೇ ಒಂದು ತಪ್ಪು ಅದು. ಮಾಡಿಸಿದ್ದು ನಾನು.

ಮಳೆಗಾಲ ಕಳೆದು ಒಂದು ಬೆಳಿಗ್ಗೆ ಬಾಯಿಯ ಫೋನು ಬಂತು. "ಟೀಚರ್, ಜೇಸಿಬಿ ಬಂದಿದೆ" ಎಂದಷ್ಟೇ ಹೇಳಿ ಇಟ್ಟರು. ನಾನು ಓಡಿಕೊಂಡು ಹೋಗುವಾಗ ಕಾರ್ಯದರ್ಶಿ ಜೇಸಿಬಿಯ ಮುಂದೆ ತೆಂಗಿನಕಾಯಿ ಒಡೆಯುತ್ತಿದ್ದ. ಅರ್ಚಕರೊಬ್ಬರು ಆ ಹಳದಿ ಯಂತ್ರಕ್ಕೆ ಆರತಿ ಎತ್ತುತ್ತಿದ್ದರು. ಕೆಡವುವ ಯಂತ್ರಕ್ಕೆ ಕುಂಕುಮ, ಬೀಳುವ ಗೋಡೆಗೆ ಒಂದು ಹೂವಿನ ಎಸಳೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಶೀಟು ತೆಗೆಯಲಿಕ್ಕೆ ಜೇಸಿಬಿ ಯಾಕೆ?"

"ಶೀಟು ಮಾತ್ರ ಅಲ್ಲ ಟೀಚರ್, ಪೂರ್ತಿ. ಪತ್ರದಲ್ಲಿ ಉಂಟಲ್ಲ. ಜೀರ್ಣೋದ್ಧಾರ ಅಂದರೆ ಪೂರ್ತಿ ಬಿಚ್ಚುವುದು ಅಲ್ವಾ? ನೀವೇ ಬರೆದದ್ದು."

ಅವನು ಮೊಬೈಲಿನಲ್ಲಿ ಹಾಳೆಯ ಫೋಟೋ ತೋರಿಸಿದ. ಊರವರ ಸಹಿಗಳ ಮೇಲೆ ನನ್ನ ದುಂಡಗಿನ ಅಕ್ಷರ. ಅಲ್ಲಿ ಸೇರಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ವ್ಯಾಕರಣ ಕಲಿಸಿದ ಹುಡುಗ ನನ್ನ ವ್ಯಾಕರಣದಲ್ಲೇ ನನ್ನನ್ನು ಕಟ್ಟಿಹಾಕಿದ್ದ.

ಗೋಡೆ ಸುಲಭದಲ್ಲಿ ಬೀಳಲಿಲ್ಲ. ಜೇಸಿಬಿಯ ಕೈ ಮೂರು ಸಲ ಗುದ್ದಿದ ಮೇಲೆ ಒಂದು ಮೂಲೆ ಸಡಿಲಾಯಿತು. ಮುರಕಲ್ಲು ಗಾಳಿ ಮಳೆಗೆ ಸಿಕ್ಕಷ್ಟೂ ಗಟ್ಟಿಯಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಗೋಡೆ ಉಳಿದಿದ್ದವು, ಚಾದ ಹೊತ್ತಿಗೆ ಒಂದೂ ಇರಲಿಲ್ಲ. ಕೆಂಪು ಧೂಳು ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಬಟ್ಟೆಯ ಮೇಲೆಲ್ಲ ಕೂತಿತ್ತು. ಐದು ಗಂಟೆಗೆ ಬ್ಯಾರಿ ಹುಡುಗಿಯರು ಇಬ್ಬರು ಎಂದಿನಂತೆ ರ‍್ಯಾಕೆಟ್ ಹಿಡಿದು ಬಂದು, ರಸ್ತೆಯ ಆಚೆಯೇ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋದರು. ನನ್ನನ್ನು ಅವರು ಮಾತಾಡಿಸಲಿಲ್ಲ. ಬೈದಿದ್ದರೂ ಸಾಕಿತ್ತು.

ಬಾಯಿ ಕಲ್ಲಿನ ರಾಶಿಯಲ್ಲಿ ಹುಡುಕಿ ಆ ಚಿಲಕವನ್ನು ತೆಗೆದುಕೊಂಡು ಬಂದರು. ಸ್ವಲ್ಪ ಬಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಾದರೂ ಬಾಗಿಲು ಬೇಕು. ನಮಗೆ ಅದೂ ಇರಲಿಲ್ಲ. ಚಿಲಕ ಈಗ ಅವರ ಅಡುಗೆಮನೆಯ ಕಿಟಕಿಯಲ್ಲಿದೆ.

ನಾನು ಸುಮ್ಮನೆ ಕೂರಲಿಲ್ಲ. ಅರ್ಜಿ ಬರೆದೆ, ಒಂದಲ್ಲ, ಏಳು. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು. ಎಲ್ಲ ಕಡೆ ಅದೇ ಹಾಳೆಯ ನಕಲು ತೋರಿಸಿದರು. ಒಬ್ಬ ಗುಮಾಸ್ತರು ಅದನ್ನು ಓದಿ, "ಭಾಷೆ ಚಂದ ಉಂಟು ಮೇಡಂ, ಯಾರು ಬರೆದದ್ದು?" ಎಂದು ಕೇಳಿದರು. ಆ ದಿನ ಮನೆಗೆ ಬಂದು ಕೆಂಪು ಪೆನ್ನನ್ನು ಒಲೆಗೆ ಹಾಕಬೇಕೆಂದುಕೊಂಡೆ. ಒಲೆ ಗ್ಯಾಸಿನದ್ದು, ಹಾಕಲಿಲ್ಲ.

ಬಾಲಾಲಯವನ್ನು ಯಾರೂ ಕಟ್ಟಲಿಲ್ಲ. ಸ್ಕೂಟರ್ ಇರುವವರು ಮಣಿಪಾಲದ ಖಾಸಗಿ ಹಾಲಿಗೆ ಹೋಗುತ್ತಾರೆ. ಮೀನಿನ ಬುಟ್ಟಿ ಇಟ್ಟು ಆಡುತ್ತಿದ್ದವರನ್ನು ಅಲ್ಲಿಯ ಬಾಗಿಲಿನೊಳಗೆ ಬಿಡುತ್ತಾರೆಯೇ? ಪಡುಬಿದ್ರಿಯ ಇಬ್ಬರಲ್ಲಿ ಒಬ್ಬಳು ಈಗ ಸಂಜೆ ಟಿವಿ ನೋಡುತ್ತಾಳಂತೆ. ಕುಕ್ಕುಂದೂರಿನವಳಿಗೆ ಸಕ್ಕರೆ ಕಾಯಿಲೆ, ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದಾರೆ. ಬ್ಯಾರಿ ಹುಡುಗಿಯರ ವಿಷಯ ಕೇಳುವ ಧೈರ್ಯ ನನಗೆ ಆಗಿಲ್ಲ.

ಕಟ್ಟಡ ಎದ್ದು ನಿಂತಿತು. ಕೆಳಗೆ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಮೇಲೆ ಮೊಬೈಲಿನ ಅಂಗಡಿ. "ಟೀಚರ್, ಕ್ರೀಡೆಯನ್ನು ಬಿಟ್ಟಿಲ್ಲ, ಮೂರನೇ ಮಹಡಿಯಲ್ಲಿ ಇನ್‌ಡೋರ್ ಕೋರ್ಟ್ ಉಂಟು, ಬಂದು ನೋಡಿ" ಎಂದು ಕಾರ್ಯದರ್ಶಿಯೇ ಕರೆದ. ನಾನು ಬಾಯಿಯನ್ನು ಕರೆದುಕೊಂಡು ಹೋದೆ. ಬಾಯಿ ಚೀಲದಲ್ಲಿ ಒಂದು ರ‍್ಯಾಕೆಟ್ ತಂದಿದ್ದರು, ಒಂದು ಕಾಕು ಸಹ.

ಕೋರ್ಟಿನ ಗೆರೆ ಚೆನ್ನಾಗಿ ಎಳೆದಿದ್ದರು. ನೆಟ್ಟು ಹೊಸದು. ಬಸ್‌ಸ್ಟ್ಯಾಂಡಿನ ಕಡೆಯ ಗೋಡೆ ಪೂರ್ತಿ ಗಾಜು. ಕೆಳಗೆ ಬಸ್ಸಿಗೆ ಕಾಯುತ್ತಿದ್ದವರ ಮುಖಗಳು ಒಂದೊಂದಾಗಿ ಕಾಣುತ್ತಿದ್ದವು. ಅವರಿಗೆ ನಾವೂ ಕಾಣುತ್ತಿದ್ದೆವು.

ಬಾಯಿಗೆ ಎಪ್ಪತ್ತು ಹತ್ತಿರ. ಮೊಣಕಾಲು ನೋವು. ಆದರೂ ಸರ್ವಿಸ್ ಗೆರೆಯ ಹಿಂದೆ ನಿಂತು, ಹಳೆಯ ಅಭ್ಯಾಸದಂತೆ ಎರಡೂ ಕೈಯಲ್ಲಿ ಬೆರಳು ಮಡಚಿ ಸೊನ್ನೆ-ಸೊನ್ನೆ ತೋರಿಸಿ, ಸರ್ವ್ ಎತ್ತಿ ಹೊಡೆದರು. ಕಾಕು ಫ್ಯಾನಿಗೆ ಬಡಿದು ನಮ್ಮ ಕಾಲ ಬುಡದಲ್ಲೇ ಬಿತ್ತು. ಇನ್ನೊಮ್ಮೆ ಹೊಡೆದರು. ಈ ಸಲ ಸೀಲಿಂಗಿಗೆ ಬಡಿಯಿತು.

"ಮೇಲೆ ಒಂದು ಫ್ಲೋರ್ ಜಾಸ್ತಿ ತೆಗೆದ ಕಾರಣ ಹೈಟ್ ಸ್ವಲ್ಪ ಕಮ್ಮಿ ಆಯಿತು" ಎಂದ ಅವನು. "ಮೆಲ್ಲ ಆಡಿದರೆ ಆಗ್ತದೆ ಬಾಯಿ."

"ಮೆಲ್ಲ ಆಡುವುದನ್ನು ನಾವು ಮನೆಯಲ್ಲೇ ಮಾಡ್ತೇವೆ" ಎಂದರು ಬಾಯಿ. "ಬಾಗಿಲಿಗೆ ಒಳಗಿನಿಂದ ಚಿಲಕ ಉಂಟಾ?"

"ಗಾಜಿನ ಡೋರಿಗೆ ಚಿಲಕ ಹೇಗೆ ಇಡುವುದು ಬಾಯಿ?"

ಬಾಯಿ ರ‍್ಯಾಕೆಟನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯಲು ಹೊರಟರು. ಒಂದೊಂದು ಮೆಟ್ಟಿಲಿಗೂ ಬದಿಯ ಕಂಬಿ ಹಿಡಿದು ನಿಂತು ಇಳಿಯುತ್ತಿದ್ದರು. ಅದನ್ನು ನೋಡುತ್ತ ನಿಂತಾಗ ನನಗೆ ಅಳು ಬರಲಿಲ್ಲ, ಯಾರಿಗಾದರೂ ಹೊಡೆಯಬೇಕು ಎನ್ನಿಸಿತು. ನನ್ನ ಕೆನ್ನೆಯೇ ಹತ್ತಿರವಿತ್ತು.

ಆಗ ಅವನು ಕೇಳಿದ. ನಿಜವಾಗಿ ಕೇಳಿದ, ನಾನು ಕಟ್ಟಿ ಹೇಳುತ್ತಿಲ್ಲ. "ಟೀಚರ್, ಈ ಹಾಲಿನ ಬಾಗಿಲಿಗೆ ಒಂದು ಬೋರ್ಡು ಹಾಕಬೇಕು. ಹಳೆ ಕ್ರೀಡಾಂಗಣದ ನೆನಪಿಗೆ ಎರಡು ಸಾಲು. ನಿಮ್ಮ ಹಾಗೆ ಬರೆಯುವವರು ಈಗ ಯಾರು ಇದ್ದಾರೆ? ನೀವೇ ಬರೆದು ಕೊಡಿ."

ಚೀಲದಲ್ಲಿ ಕೆಂಪು ಪೆನ್ನು ಇತ್ತು. ಅವನೇ ಒಂದು ಹಾಳೆ ಕೊಟ್ಟ. ಗಾಜಿನ ಗೋಡೆಗೆ ಹಾಳೆ ಒತ್ತಿ ಹಿಡಿದು, ಬಸ್‌ಸ್ಟ್ಯಾಂಡಿನವರೆಲ್ಲ ನೋಡುತ್ತಿರುವಾಗ ಬರೆದೆ. ಈ ಸಲ ಸಂಧಿ ಇಲ್ಲದ, ಸಮಾಸ ಇಲ್ಲದ ಕನ್ನಡ. ಅವನು ಓದಿದ. ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿದ.

ಬೋರ್ಡು ಬರಬಹುದೆಂದು ನಾನು ಒಂದು ವರ್ಷ ಕಾದೆ. ಈಗ ಅಲ್ಲಿ ಒಂದು ಟ್ಯೂಷನ್ ಸೆಂಟರ್ ಇದೆ. ಅವನು ಹಾಕದೆ ಇಟ್ಟುಕೊಂಡದ್ದನ್ನು ನಾನೇ ಇಲ್ಲಿ ಹಾಕುತ್ತೇನೆ. ಬಾಯಿಗೆ ಓದಿ ಹೇಳಿದ್ದೇನೆ, ತಿದ್ದುವುದು ಏನೂ ಇಲ್ಲ ಎಂದರು.

'ಇಲ್ಲಿ ಊರವರು ಕಲ್ಲು ಹೊತ್ತು ಕಟ್ಟಿದ ಒಂದು ಮನೆ ಇತ್ತು. ಸಂಜೆ ಐದರಿಂದ ಆರರವರೆಗೆ ಹೆಂಗಸರು ಚಿಲಕ ಹಾಕಿಕೊಂಡು ಆಡುತ್ತಿದ್ದರು. ಅದನ್ನು ಕೆಡವಿದರು. ಕೆಡವುತ್ತೇವೆ ಎಂದು ಮೊದಲು ಸರಿಯಾಗಿಯೇ ಬರೆದಿದ್ದರು. ಅದನ್ನು ತಪ್ಪು ಎಂದು ಹೊಡೆದವಳು ನಾನು.'